ಎರಡು ಪದರದ ಕಾಗದ

ಶೆನ್ ಅಣ್ಣ ಮೂಗಿಗೆ ಕಲ್ಲು ಉಜ್ಜಿಕೊಳ್ಳುತ್ತಿದ್ದ. ಟ್ರಾಮಿನಲ್ಲಿ ಎದುರು ಕುಳಿತ ಡಚ್ ಹೆಂಗಸರು ಮುಖ ತಿರುಗಿಸಲಿ, ತನ್ನದೇ ಹೋಟೆಲಿನ ಗಿರಾಕಿಗಳು ಚಮಚ ಕೆಳಗಿಟ್ಟು ದಿಟ್ಟಿಸಲಿ, ಅವನಿಗೆ ಪರಿವೆಯೇ ಇರುತ್ತಿರಲಿಲ್ಲ. ಜೇಬಿನಿಂದ ಹೆಬ್ಬೆರಳುದ್ದದ ಆ ಚೌಕ ಕಲ್ಲನ್ನು ತೆಗೆದು, ಮೂಗಿನ ಪಕ್ಕದ ಜಿಡ್ಡನ್ನು ಅದಕ್ಕೆ ಸವರಿ, ಆಮೇಲೆ ಹೆಬ್ಬೆರಳಿನಿಂದ ತಿಕ್ಕುತ್ತ ಕುಳಿತುಬಿಡುತ್ತಿದ್ದ. ಚೀನಾದ ನಮ್ಮ ಚಿಂಗ್‌ಟಿಯಾನ್ ಸೀಮೆಯ ಕಲ್ಲಿಗೆ ಮೈಜಿಡ್ಡಿನಿಂದಲೇ ಕಾಂತಿ ಬರುವುದು. ನಮ್ಮ ಅಜ್ಜಂದಿರು ಅದೇ ಕಲ್ಲನ್ನು ಗಂಟುಕಟ್ಟಿ ಹೊತ್ತು ಮಾರುತ್ತ ಮಾರುತ್ತ ಯುರೋಪಿನವರೆಗೆ ಬಂದವರು. ಆದ್ದರಿಂದ ಉಜ್ಜುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಶ್ಚರ್ಯವೆಂದರೆ ಆ ಕಲ್ಲಿನ ಬುಡ ಬೋಳಾಗಿತ್ತು. ಚಿತ್ರ, ಬರಹಗಳನ್ನು ಸಂಗ್ರಹಿಸುವ ನಮ್ಮವರು ಯಾರೇ ಆಗಲಿ, ಮೊದಲು ಇಂಥ ಕಲ್ಲಿನ ಬುಡದಲ್ಲಿ ತಮ್ಮ ಹೆಸರು ಕೆತ್ತಿಸಿ, ಕೆಂಪು ಹಚ್ಚಿ, ಕೊಂಡ ಚಿತ್ರದ ಮೂಲೆಯಲ್ಲಿ ಒತ್ತಿದ ಮೇಲೆಯೇ ನೆಮ್ಮದಿಯಾಗಿ ಊಟ ಮಾಡುತ್ತಾರೆ. ಮನೆತುಂಬ ಚಿತ್ರಗಳಿದ್ದ ಶೆನ್ ಅಣ್ಣ ಮಾತ್ರ ಒಂದಕ್ಕೂ ತನ್ನ ಮೊಹರು ಒತ್ತಿದವನಲ್ಲ.

"ಯಾಕಣ್ಣಾ, ಇನ್ನೂ ಕೆತ್ತಿಸಿಲ್ವಲ್ಲ?" ಎಂದು ಕೇಳಿದರೆ, "ಹೋಗಲಿ ಬಿಡಿ ಮೇಷ್ಟ್ರೇ, ಹೆಸರು ಒತ್ತೋವಂಥದ್ದು ನನ್ನ ಕೈಗೆ ಇನ್ನೂ ಬಂದಿಲ್ಲ" ಎನ್ನುತ್ತಿದ್ದ.

ಈ 'ಹೋಗಲಿ ಬಿಡಿ' ಅವನ ನಾಲಿಗೆಗೆ ಅಂಟಿಕೊಂಡ ಮಾತು. ಸಾರಿಗೆ ಉಪ್ಪು ಹೆಚ್ಚಾದರೂ ಹೋಗಲಿ ಬಿಡಿ, ಅಡುಗೆಯವನು ಹೇಳದೆ ಕೇಳದೆ ಕೆಲಸ ಬಿಟ್ಟರೂ ಹೋಗಲಿ ಬಿಡಿ. ಇಷ್ಟು ಧಾರಾಳವಾಗಿ ಎಲ್ಲವನ್ನೂ ಬಿಡುತ್ತಿದ್ದ ಮನುಷ್ಯ ಜೀವಮಾನದಲ್ಲಿ ಒಂದನ್ನೂ ಮನಸ್ಸಿನಿಂದ ಬಿಟ್ಟದ್ದನ್ನು ನಾನು ಕಾಣೆ. ನಾನು ರಾಟರ್‌ಡ್ಯಾಮಿನಲ್ಲಿ ನಮ್ಮವರ ಮಕ್ಕಳಿಗೆ ಶನಿವಾರಗಳಂದು ಚೀನೀ ಅಕ್ಷರ ತಿದ್ದಿಸುವ ಮೇಷ್ಟ್ರು; ಪಾಠ ಮುಗಿಸಿ ಅವನ ಹೋಟೆಲಿಗೆ ಹೋಗಿ ಒಂದು ಬಟ್ಟಲು ನೂಡಲ್ಸ್ ತಿಂದು, ಆಮೇಲೆ ಮಹಡಿ ಹತ್ತುವುದು ನನ್ನ ರೂಢಿಯಾಗಿತ್ತು. ಕೆಳಗೆ ಡಚ್ಚರು ಮನೆಯಿಂದ ತಂದ ಪಾತ್ರೆಗಳನ್ನು ಹಿಡಿದು ಹುರಿದನ್ನಕ್ಕೆ ಸಾಲುಗಟ್ಟಿರುತ್ತಿದ್ದರು. ಮೇಲೆ, ಮಂಜುಗಟ್ಟುವ ಚಳಿಯ ಒಂದು ಕೋಣೆಯಲ್ಲಿ, ನಮ್ಮ ಕಾಲದ ಮಸಿಯ ಬೆಟ್ಟಗಳೂ ಬಿದಿರುಗಳೂ ಸುರುಳಿಯಾಗಿ ಮಲಗಿರುತ್ತಿದ್ದವು.

ಚಳಿ ಯಾಕೆಂದರೆ, ಹೀಟರಿನ ಒಣಬಿಸಿಗೆ ಸುರುಳಿಗಳು ಬಿರಿಯುತ್ತವೆ. ಹಾಗಾಗಿ ಮಹಡಿಯಲ್ಲಿ ಹೀಟರು ಹಚ್ಚುವಂತಿರಲಿಲ್ಲ. ಶೆನ್ ಅಣ್ಣ ಮನೆಯೊಳಗೂ ಕೋಟು ತೊಟ್ಟೇ ಇರುತ್ತಿದ್ದ: ಯಾವನೋ ದಢೂತಿ ಹಡಗಿನ ಅಧಿಕಾರಿಗೆ ಹೊಲಿದದ್ದಿರಬೇಕು, ಮೊಣಕಾಲು ದಾಟುವ ಬೂದು ಉಣ್ಣೆಯ ಕೋಟು, ಕರ್ಪೂರದ ವಾಸನೆಯದು. ಎಡಗಡೆ ಒಳಭಾಗದಲ್ಲಿ ಕಂಕುಳಿನಿಂದ ಮಂಡಿಯವರೆಗೆ ಅವನೇ ಒಂದು ಉದ್ದನೆಯ ಜೇಬು ಹೊಲಿದುಕೊಂಡಿದ್ದ, ಸುರುಳಿ ಇಡುವುದಕ್ಕೆ. ಅದರಿಂದಾಗಿ ಅವನ ನಡಿಗೆಯೇ ಹಾಗಾಗಿಹೋಗಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ರೋಗಿಯ ಹಾಗೆ ಎಡಗೈಯನ್ನು ಮೈಗೆ ಅವಚಿಕೊಂಡು, ಬಲಗೈಯೊಂದನ್ನೇ ಬೀಸುತ್ತ, ಜೇಬು ಖಾಲಿಯಿದ್ದ ದಿನವೂ ಹಾಗೆಯೇ ನಡೆಯುತ್ತಿದ್ದ. ಅವನ ಹೆಂಡತಿ ಸುಯಿಂಗ್ ಕಂಬಳಿ ಹೊದ್ದು ಮೂಲೆಯಲ್ಲಿ ಕುಳಿತು ಬಟಾಣಿ ಬಿಡಿಸುತ್ತ ನನಗೆ ದೂರು ಹೇಳುತ್ತಿದ್ದಳು. "ನೋಡಿ ಮೇಷ್ಟ್ರೇ, ಈ ಮನೇಲಿ ಕಾಗದಕ್ಕೆ ಸೆಕೆ ಆಗ್ಬಾರ್ದು, ಕಾಗದಕ್ಕೆ ಬಿಸಿಲು ತಾಗ್ಬಾರ್ದು. ನನ್ನ ಮಂಡಿ ಹಿಡ್ಕೊಂಡ್ರೆ ಹಿಡ್ಕೊಳ್ಳಲಿ."

ಕೊಳ್ಳುವ ರೀತಿಯಲ್ಲೂ ಅವನದು ಒಂದು ಮೊಂಡುತನ. ತಾಯ್ನಾಡಿನಲ್ಲಿ ಕ್ರಾಂತಿಯ ಹೆಸರಿನಲ್ಲಿ ಹಳೆಯದನ್ನೆಲ್ಲ ಸುಡುತ್ತಿದ್ದ, ಚಿತ್ರಗಳನ್ನು ಮನೆಯಲ್ಲಿಟ್ಟುಕೊಳ್ಳಲು ಜನ ಹೆದರುತ್ತಿದ್ದ ವರ್ಷಗಳಲ್ಲಿ ಎಷ್ಟೋ ಕೃತಿಗಳು ಅಗ್ಗವಾಗಿ ಹೊರಬಿದ್ದವು. ಉಳಿದ ಸಂಗ್ರಾಹಕರು ಹೆಸರಿನ ಹಿಂದೆ ಓಡಿದರೆ, ಶೆನ್ ಅಣ್ಣ ಗತಿಗೆಟ್ಟದ್ದನ್ನೇ ಹುಡುಕಿ ತರುತ್ತಿದ್ದ. ಹೇಗ್ ನಗರದ ಹಳೇ ಸಾಮಾನಿನ ಸಂತೆಯಲ್ಲಿ, ಯಾರದೋ ಬೀರುವಿನ ಖಾನೆಗೆ ಹಾಸಿದ್ದ ಒಂದು ಬರಹ ಅವನಿಗೆ ಸಿಕ್ಕಿತು. ಜೋಡಿಯಾಗಿ ತೂಗುಹಾಕಬೇಕಾದ ಎರಡು ಸಾಲುಗಳಲ್ಲಿ ಮೊದಲನೆಯದು ಮಾತ್ರ ಅದು; ಎರಡನೆಯದು ಯಾವ ಮನೆಯ ಖಾನೆಯಲ್ಲಿ ಕೊಳೆಯಿತೋ! ಅದನ್ನು ಗೋಡೆಯ ಬಲಕ್ಕೆ ತೂಗುಹಾಕಿ, ಎಡಕ್ಕೂ ಒಂದು ಮೊಳೆ ಹೊಡೆದ. ಆ ಬರಿಯ ಮೊಳೆ ಕೊನೆಯವರೆಗೂ ಹಾಗೇ ಇತ್ತು.

ಈ ಮಹಡಿಗೆ ನನ್ನಂತೆಯೇ ಬರುತ್ತಿದ್ದ ಇನ್ನೊಬ್ಬನೆಂದರೆ ಲುವೋ ಹೇನ್ಯಾನ್. ಒಂದೇ ಊರಿನ ಒಂದೇ ಓಣಿಯಲ್ಲಿ ಶೆನ್‌ನೊಡನೆ ಬೆಳೆದು, ಹಡಗಿನ ಅಡುಗೆಯವನಾಗಿ ಬಂದು, ಎರಡು ಬೀದಿ ಆಚೆ ಒಣಅಣಬೆ, ಒಣಮೀನು, ಸೋಯಾ ಮಾರುವ ಅಂಗಡಿ ಇಟ್ಟಿದ್ದವನು. ಗಟ್ಟಿ ಗಂಟಲು, ಹೊಟ್ಟೆ ಕುಣಿಸುವ ನಗು. ಮೆಟ್ಟಿಲು ಹತ್ತುತ್ತಲೇ, "ಲೋ ಶೆನ್, ಇವತ್ತು ನಿನ್ನ ಗೋಡೆ ಮೇಲೆ ಯಾವನ ಬೆಟ್ಟನೋ? ಯಾವ ಬೆಟ್ಟ ಆದ್ರೂ ಸರಿ, ಮೊದಲು ಒಂದು ಲೋಟ ಬಿಸಿ ಚಹಾ ಕೊಡೋ, ಹಲ್ಲು ಕಟಕಟ ಅಂತಿದೆ" ಎಂದು ಕೂಗುತ್ತಿದ್ದ. ಚಿತ್ರದ ಮುಂದೆ ನಿಂತರೆ ಮಾತ್ರ ಸುಮ್ಮನಾಗುತ್ತಿದ್ದ. ಅವನಿಗೆ ಅಕ್ಷರ ಅಷ್ಟಾಗಿ ಬಾರದು; ಆದರೆ ನದಿ, ದೋಣಿ, ಮಳೆ ಕಂಡರೆ ಅವನ ಕಣ್ಣು ಒದ್ದೆಯಾಗುವುದನ್ನು ನಾನು ನೋಡಿದ್ದೇನೆ. ಲುವೋ ಬಂದ ದಿನ ಮಾತ್ರ ಶೆನ್ ಅಣ್ಣ ನಗುತ್ತಿದ್ದ.

ಎಂಬತ್ತರ ದಶಕದ ಆರಂಭದಲ್ಲಿ, ಒಂದು ಶರತ್ಕಾಲ, ವೆನ್ ಶೂಟಾಂಗ್ ಎಂಬ ವೃದ್ಧ ಚಿತ್ರಕಾರ ಯಾವುದೋ ನಿಯೋಗದ ಜೊತೆ ರಾಟರ್‌ಡ್ಯಾಮಿಗೆ ಬಂದ. ಬೆಣ್ಣೆ, ಆಲೂಗೆಡ್ಡೆ ತಿಂದು ತಿಂದು ಸೊರಗಿಹೋಗಿದ್ದವನನ್ನು ಶೆನ್ ಅಣ್ಣ ಹೋಟೆಲಿಗೆ ಕರೆದುತಂದ. ಲುವೋ ತನ್ನ ಅಂಗಡಿಯ ಹಿತ್ತಲಿನ ಜಾಡಿಯಿಂದ, ತಾಯಿ ಹೇಳಿಕೊಟ್ಟಂತೆ ಉಪ್ಪು ಹಾಕಿ ಒಣಗಿಸಿಟ್ಟ ಸಾಸಿವೆ ಸೊಪ್ಪನ್ನು ತಂದು ಹಂದಿಮಾಂಸದೊಡನೆ ಬೇಯಿಸಿ ಬಡಿಸಿದ. ಮುದುಕ ಒಂದು ತುತ್ತು ಬಾಯಿಗಿಟ್ಟವನೇ ಕಡ್ಡಿಗಳನ್ನು ಕೆಳಗಿಟ್ಟು ಅತ್ತುಬಿಟ್ಟ. ಊಟವಾದ ಮೇಲೆ ಮೇಜು ಒರೆಸಿಸಿ, ಕಂಬಳಿ ಹಾಸಿಸಿ, ಕಾಗದ ಬಿಚ್ಚಿ ಒಂದೇ ಉಸಿರಿಗೆ ಬರೆದ: ಮಳೆಯಲ್ಲಿ ಕರಗುತ್ತಿರುವ ಬೆಟ್ಟ, ನಮ್ಮ ಓವ್ ನದಿ, ಒಂದು ದೋಣಿ, ಅದರಲ್ಲಿ ಒಂದೇ ಕೊಡೆಯ ಕೆಳಗೆ ಇಬ್ಬರು. ಮೇಲೆ ಶೆನ್, ಲುವೋ ಇಬ್ಬರ ಹೆಸರೂ ಬರೆದು 'ಈ ಸಹೋದರರ ಕೈಗೆ' ಎಂದು ಸೇರಿಸಿ ಕೆಂಪು ಮೊಹರು ಒತ್ತಿದ. ಹೆಸರು ಬರೆದು ಕೊಟ್ಟದ್ದನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಅದು ನಮ್ಮಲ್ಲಿನ ಮರ್ಯಾದೆ. ಚಿತ್ರ ಒಂದು, ಒಡೆಯರು ಇಬ್ಬರು.

ಆರು ತಿಂಗಳು ಅವನಲ್ಲಿ, ಆರು ತಿಂಗಳು ಇವನಲ್ಲಿ ಎಂದು ಗೊತ್ತುಮಾಡಿಕೊಂಡರು. ಲುವೋ ಅದನ್ನು ಹೀಟರಿನ ಮೇಲೆಯೇ ತೂಗುಹಾಕಿದ್ದ. ವಾಪಸು ಬಂದಾಗ ಅಡ್ಡಡ್ಡ ಬಿರಿದಿದ್ದ ಚಿತ್ರವನ್ನು ಶೆನ್ ಅಣ್ಣ ಮೇಜಿನ ಮೇಲೆ ಹರಡಿ ಬಿರುಕುಗಳನ್ನು ಒಂದೊಂದಾಗಿ ಎಣಿಸಿದ. ಮರುವಾರ ದಾರಿಯ ಫ್ರೆಂಚ್ ಮಾತಿಗೆಂದು ನನ್ನನ್ನು ದುಭಾಷಿಯಾಗಿ ಕರೆದುಕೊಂಡು ಪ್ಯಾರಿಸಿಗೆ ಹೊರಟ. ಚಿತ್ರಗಳಿಗೆ ಬೆನ್ನುಕಾಗದ ಅಂಟಿಸಿ ಸುರುಳಿ ಕಟ್ಟುವ ಸುಝೌ ಕಡೆಯ ಮುದುಕನೊಬ್ಬ ಅಲ್ಲಿದ್ದ. ಅವನು ಚಿತ್ರದ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ ಹೇಳಿದ, "ಇದು ಎರಡು ಪದರದ ಕಾಗದ. ಮಸಿ ಕೆಳಗಿನ ಪದರಕ್ಕೂ ಚೆನ್ನಾಗಿ ಇಳಿದಿದೆ. ನಿಮ್ಮಿಬ್ಬರಿಗೂ ಬೇಕು ಅಂದ್ರೆ ಬಿಡಿಸಿ ಎರಡು ಮಾಡಿಕೊಡ್ತೀನಿ. ಆದ್ರೆ ಬಿಡಿಸಿದ ಮೇಲೆ ಎರಡೂ ಮೊದಲಿನ ಹಾಗಿರಲ್ಲ, ಹೇಳಿದೀನಿ." ಶೆನ್ ಅಣ್ಣ ಲುವೋಗೆ ಫೋನು ಮಾಡಿದ. ಆಚೆಯಿಂದ ಲುವೋನ ನಗು ನನಗೂ ಕೇಳಿಸಿತು. "ಒಂದು ಮೊಟ್ಟೇಲಿ ಎರಡು ಹಳದಿ ಅನ್ನು! ಮಾಡಿಸೋ, ಯೋಚನೆ ಏನು? ನೀನು ಯಾವುದು ಕೊಡ್ತೀಯೋ ಅದು ನಂದು."

ಮಾಡಿಸಿದೆವು. ಮೇಲಿನ ಪದರವೇ ಅಸಲು. ಕುಂಚ ಮುಟ್ಟಿದ್ದು ಅದನ್ನು, ಚಿತ್ರಕಾರ ಮೊಹರು ಒತ್ತಿದ್ದು ಅದರ ಮೇಲೆ. ಕೆಳಗಿನದಕ್ಕೆ ಇಳಿದದ್ದು ಮಸಿಯ ನೆರಳು ಮಾತ್ರ. ಮೊಹರಿನ ಎಣ್ಣೆಗೆಂಪು ಅಷ್ಟೂ ಇಳಿಯುವುದಿಲ್ಲ. ಮುದುಕ ಆ ನೆರಳಿಗೆ ಹೊಸ ಮಸಿ ತುಂಬಿ, ತನ್ನದೇ ಕೆಂಪಿನಲ್ಲಿ ಮೊಹರನ್ನು ಬರೆದು ಕೂರಿಸಿದ. ಅತ್ತ ಅಸಲು ಪದರ ಬಿಸಿನೀರಿನಲ್ಲಿ ನೆಂದು, ಅರ್ಧ ದಪ್ಪ ಕಳೆದುಕೊಂಡು ಬಿಳಿಚಿಕೊಂಡಿತ್ತು. ಹೀಗಾಗಿ ಅಸಲು ಪೇಲವವಾಯಿತು, ನೆರಳು ಕಡುಗಪ್ಪಾಯಿತು. ಗೊತ್ತಿಲ್ಲದ ಕಣ್ಣಿಗೆ ಇದು ತಲೆಕೆಳಗಾಗಿಯೇ ಕಾಣುವುದು. ಹಿಂದಿರುಗುವ ರೈಲಿನಲ್ಲಿ ಶೆನ್ ಅಣ್ಣ ಹೇಳಿದ, "ಮೇಲಿನ ಪದರ ಲುವೋಗೆ. ವೆನ್ ಅಜ್ಜ ಅತ್ತಿದ್ದು ಅವನ ಸೊಪ್ಪಿಗೆ, ನನ್ನ ಮೇಜಿಗಲ್ಲ."

"ಅವನಿಗೆ ಹೇಳ್ತೀರಿ ತಾನೆ?"

"ಹೇಳಿದ್ರೆ ಅದು ಕೊಟ್ಟ ಹಾಗಾಗಲ್ಲ ಮೇಷ್ಟ್ರೇ, ಋಣ ಹೊರಿಸಿದ ಹಾಗಾಗುತ್ತೆ. ಹೋಗಲಿ ಬಿಡಿ."

ಹಾಗೆಂದವನ ಕೈ ದಾರಿಯುದ್ದಕ್ಕೂ ಲುವೋಗೆ ಕೊಡಬೇಕಾದ ಸುರುಳಿಯ ಮೇಲೆಯೇ ಇತ್ತು. ರಾಟರ್‌ಡ್ಯಾಮಿನಲ್ಲಿ ಇಳಿದ ಸಂಜೆಯೇ ಅದನ್ನು ಕೊಟ್ಟುಬಂದ. ಮನೆಗೆ ಬಂದು ಜ್ವರ ಹಿಡಿದವನಂತೆ ಮಲಗಿದ.

ಪ್ಯಾರಿಸಿಗೆ ಹೋಗಿಬಂದ ವರ್ಷದ ಮಧ್ಯಶರತ್ಕಾಲದ ಹಬ್ಬಕ್ಕೆ ನಮ್ಮ ಊರಿನವರೆಲ್ಲ ಶೆನ್ ಅಣ್ಣನ ಹೋಟೆಲಿನಲ್ಲಿ ಸೇರಿದ್ದೆವು. ಯಾರೋ ಉತ್ಸಾಹದಿಂದ ಎರಡೂ ಸುರುಳಿಗಳನ್ನು ಅಕ್ಕಪಕ್ಕ ತೂಗುಹಾಕಿಸಿದರು. "ಲುವೋ, ನಿನ್ನ ದೋಣಿಗೆ ಶೀತ ಆಗಿದೆ ಕಣಯ್ಯ, ಮುಖ ಬಿಳಿಚ್ಕೊಂಡಿದೆ!" ಎಂದು ಒಬ್ಬ ಅಂದ. ಇನ್ನೊಬ್ಬ ತಿಳಿದವನಂತೆ, "ಮತ್ತೆ? ಮೇಲಿನ ಪದರ ಕಪ್ಪಗಿರುತ್ತೆ, ಕೆಳಗಿನದು ತೆಳ್ಳಗಿರುತ್ತೆ. ಕಾಗದ ಬಲ್ಲೋನು ಕೆನೆ ಇಟ್ಕೊಂಡು ಹಾಲು ಕೊಟ್ಟಿದಾನೆ" ಎಂದ. ಎಲ್ಲರೂ ನಕ್ಕರು. ಲುವೋ ನಗಲಿಲ್ಲ. ಹಬ್ಬದ ಸಿಹಿ ಮೂನ್‌ಕೇಕನ್ನು ತಟ್ಟೆಗಿಟ್ಟು ಶೆನ್ ಅಣ್ಣನ ಎದುರು ಬಂದು ನಿಂತ.

"ಹೌದೇನೋ?"

"ಇಲ್ಲ. ನಿನ್ನದೇ ಮೇಲಿನದು."

"ನಂದೇ ಮೇಲಿನದಾದ್ರೆ ಒಳ್ಳೇದೇ ಆಯ್ತು. ತಗೋ, ಬದಲಾಯಿಸಿಕೊಳ್ಳೋಣ. ನನಗೆ ಆ ಕಪ್ಪುದು ಕೊಡು, ನೀನು ಈ ಅಸಲಿ ಇಟ್ಕೋ. ನಿನಗೇ ಲಾಭ!"

ಆಹಾ, ಎಂಥ ಕುಣಿಕೆ ಅದು! ಒಪ್ಪಿದರೆ, ಏನೂ ಅರಿಯದ ಗೆಳೆಯನ ಕೈಯಿಂದ ಅಸಲನ್ನು ಕಸಿದಂತಾಗುತ್ತದೆ. ಒಲ್ಲೆನೆಂದರೆ ತಾನು ಕಳ್ಳನೆಂದು ತಾನೇ ಒಪ್ಪಿಕೊಂಡಂತೆ. ಶೆನ್ ಅಣ್ಣ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಆಗಲ್ಲ" ಎಂದ.

"ಆಗಲ್ಲ ಅಂತೆ! ಕೇಳಿದ್ರಾ ಎಲ್ಲರೂ?" ಲುವೋ ತನ್ನ ಸುರುಳಿಯನ್ನು ಕಿತ್ತುಕೊಂಡು ಹೆಂಡತಿಯ ಕೈ ಹಿಡಿದು ಹೊರಟುಹೋದ. ನಾನು ಮರುದಿನವೇ ಅಂಗಡಿಗೆ ಓಡಿ, ಪ್ಯಾರಿಸಿನಲ್ಲಿ ಕಣ್ಣಾರೆ ಕಂಡದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ಮೀನು ತೂಗುತ್ತಲೇ, "ಮೇಷ್ಟ್ರೇ, ನೀವು ಅವನ ನೂಡಲ್ಸ್ ತಿನ್ನೋರು. ತಿನ್ನಿ, ಬೇಡ ಅನ್ನಲ್ಲ. ನನ್ನ ಕಣ್ಣಿಗೆ ಪೊರೆ ಬಂದಿಲ್ಲ" ಎಂದ. ಶಂಕೆ ಒಮ್ಮೆ ಹೊಕ್ಕ ಮನೆಯಲ್ಲಿ ಸತ್ಯಕ್ಕೆ ಚಾಪೆ ಹಾಸುವವರಾರು?

ಅಲ್ಲಿಂದ ಮುಂದಿನ ವರ್ಷಗಳು ಬೂದಿಬಣ್ಣದವು. ಲುವೋ ಆ ಚಿತ್ರವನ್ನು ತಿರಸ್ಕಾರದಿಂದ ಅಂಗಡಿಯಲ್ಲೇ, ಒಣಮೀನಿನ ಗೊಂಚಲಿಗೂ ಕ್ಯಾಲೆಂಡರಿಗೂ ನಡುವೆ ತೂಗುಹಾಕಿದ್ದ. ಶೆನ್ ಅಣ್ಣ ಟ್ರಾಮಿನಲ್ಲಿ ಹೋಗುವಾಗ ಬೇಕೆಂದೇ ಆ ಬದಿಯ ಕಿಟಕಿಗೆ ಕುಳಿತು, ಅಂಗಡಿ ಹಾದುಹೋಗುವ ಕ್ಷಣಕ್ಕಾಗಿ ಕತ್ತು ಚಾಚುತ್ತಿದ್ದ. ಅವನಿಗೆ ಈಗ ಇದ್ದದ್ದು ಒಂದೇ ಆಸೆ: ಎರಡೂ ಪದರಗಳನ್ನು ಮತ್ತೆ ಅಂಟಿಸಿ, ಆ ಕೊಡೆಯ ಕೆಳಗಿನ ಇಬ್ಬರನ್ನು ಮತ್ತೆ ಒಂದೇ ಹಾಳೆಗೆ ತರುವುದು. ಅದಕ್ಕೆ ಲುವೋನ ಬಾಗಿಲು ತಟ್ಟಬೇಕಿತ್ತು. ಎರಡು ಬೀದಿ ದಾಟುವ ಕೆಲಸ, ಅವನಿಂದ ಆಗಲಿಲ್ಲ. ನನ್ನನ್ನು ಕಳಿಸುತ್ತಿದ್ದ. "ಮಧ್ಯಾಹ್ನದ ಮೇಲೆ ಅದರ ಮೇಲೆ ಬಿಸಿಲು ಬೀಳುತ್ತೆ. ಪರದೆ ಎಳೀಬೇಕಂತೆ ಅಂತ ಹೇಳಿ. ನಾನು ಹೇಳಿದೆ ಅನ್ನಬೇಡಿ." ನಾನು ಹೇಳದಿದ್ದರೂ ಲುವೋಗೆ ತಿಳಿಯುತ್ತಿತ್ತು. "ಶೆನ್‌ಗೆ ಹೇಳಿ ಮೇಷ್ಟ್ರೇ, ನೆರಳಿಗೆ ಯಾರೂ ಕೊಡೆ ಹಿಡಿಯಲ್ಲ ಅಂತ" ಎಂದು ಉತ್ತರ ಕಳಿಸುತ್ತಿದ್ದ. ಆದರೆ ಒಂದು ಸಲ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಒಳಗೆ ಹೋದಾಗ, ಅವನು ಸ್ಟೂಲಿನ ಮೇಲೆ ಕುಳಿತು ಅದೇ ದೋಣಿಯನ್ನು ನೋಡುತ್ತಿದ್ದ. ನನ್ನನ್ನು ಕಂಡು ತಟಕ್ಕನೆ ಎದ್ದು ಸೋಯಾ ಬಾಟಲಿಗಳನ್ನು ಒರೆಸತೊಡಗಿದ. ಅವನ ಹೊಟ್ಟೆ ಕುಣಿಸುವ ನಗು ನಿಂತುಹೋಗಿತ್ತು. ಇತ್ತ ಶೆನ್ ಅಣ್ಣನ ಮಹಡಿಯಲ್ಲಿ ಬಿಸಿ ಚಹಾ ಕೇಳುವವರು ಇರಲಿಲ್ಲ.

ಲುವೋ ಯಕೃತ್ತಿನ ಕಾಯಿಲೆಯಿಂದ ಸತ್ತ. ಸತ್ತ ನಲವತ್ತೊಂಬತ್ತನೆಯ ದಿನ, ಕೊನೆಯ ಏಳನೆಯ ವಾರದ ಕರ್ಮಕ್ಕೆ ಅಂಗಡಿಯ ಹಿತ್ತಲಿನಲ್ಲಿ, ಸೋಯಾ ಜಾಡಿಗಳ ನಡುವೆ, ಕಬ್ಬಿಣದ ಪೀಪಾಯಿಯಲ್ಲಿ ಬೆಂಕಿ ಹಾಕಿದ್ದರು. ಪರಲೋಕದಲ್ಲಿ ಅವನಿಗೆ ಸಿಗಲೆಂದು ಕಾಗದದ ಮನೆ, ಕಾಗದದ ಕಾರು, ಕಾಗದದ ಹಣ ಒಂದೊಂದಾಗಿ ಉರಿದು ಹೊಗೆಯಾಗುತ್ತಿದ್ದವು. ಜಿನುಗು ಮಳೆ ಹೊಗೆಯನ್ನು ಮೇಲೇಳಗೊಡದೆ ನಮ್ಮ ಮುಖಕ್ಕೇ ತಳ್ಳುತ್ತಿತ್ತು. ಶೆನ್ ಅಣ್ಣ ಗೇಟಿನ ಬಳಿ, ಒಳಗೂ ಅಲ್ಲ ಹೊರಗೂ ಅಲ್ಲ, ಕೋಟಿನೊಳಗೆ ಕುಗ್ಗಿ ನಿಂತಿದ್ದ. ಆಗ ಲುವೋನ ಹೆಂಡತಿ, ನಾವೆಲ್ಲ ಲುವೋ ಅತ್ತಿಗೆ ಎಂದು ಕರೆಯುವವಳು, ಒಳಗಿನಿಂದ ಆ ಸುರುಳಿಯನ್ನು ತಂದಳು.

"ಇದೂ ಹೋಗಲಿ," ಎಂದಳು. "ಅವರ ಜೀವನೇ ತಿಂತು ಇದು. ಅಲ್ಲಿಗೆ ನಾವು ಕಳಿಸೋದೆಲ್ಲ ನಕಲೇ ತಾನೆ? ಮನೆ ನಕಲು, ಕಾರು ನಕಲು. ಇದೂ ನಕಲು. ಸರಿಹೋಯ್ತು."

ಹಿತ್ತಲಿನಲ್ಲಿದ್ದ ಅಷ್ಟು ಜನರಲ್ಲಿ ಅದು ಅಸಲೆಂದು ಬಲ್ಲವರು ನಾವಿಬ್ಬರೇ. ನಾನು ಬಾಯಿ ತೆರೆಯುವಷ್ಟರಲ್ಲಿ ಶೆನ್ ಅಣ್ಣ ಬಂದು ನನ್ನ ತೋಳು ಹಿಡಿದು ಹಿಂದಕ್ಕೆ ಜಗ್ಗಿದ. "ಅತ್ತಿಗೆ, ಸ್ವಲ್ಪ ತಡೀರಿ. ಈಗ ಬಂದೆ" ಎಂದವನೇ ಓಡಿದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ಬೀದಿಯೇ ನೋಡಿತು. ಹಿಂದಿರುಗಿದಾಗ ಎಡಗೈ ಮೈಗೆ ಅವಚಿಕೊಂಡಿತ್ತು. ಕೋಟಿನೊಳಗಿನಿಂದ ತನ್ನ ಸುರುಳಿಯನ್ನು ತೆಗೆದು ಎಲ್ಲರ ಮುಂದೆ ಬಿಚ್ಚಿದ; ಕಡುಗಪ್ಪು ಬೆಟ್ಟ, ಕಡುಗಪ್ಪು ದೋಣಿ.

"ಇದನ್ನ ಹಾಕಿ, ಅತ್ತಿಗೆ. ಅದನ್ನ ನನಗೆ ಕೊಡಿ. ಅವನು ಕೇಳಿದ್ದು ಇದನ್ನೇ ಅಲ್ವಾ?"

ಹಿತ್ತಲಿನಲ್ಲಿ ಗುಸುಗುಸು ಎದ್ದಿತು. "ಅಂತೂ ಒಪ್ಪಿಕೊಂಡ" ಎಂದು ನನ್ನ ಬೆನ್ನ ಹಿಂದೆಯೇ ಯಾರೋ ಅಂದರು. ಲುವೋ ಅತ್ತಿಗೆ ಅವನತ್ತ ತಿರುಗಿದಳು. "ಅವರು ಕಣ್ಣು ಮುಚ್ಚಿದ ಮೇಲೆ ಬುದ್ಧಿ ಬಂತೇನ್ರೀ ನಿಮಗೆ? ಇದ್ದಾಗ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೋಗಲಿ ಬಿಡಿ, ಅತ್ತಿಗೆ."

ಅವಳು ಪೇಲವ ಸುರುಳಿಯನ್ನು ಅವನತ್ತ ಎಸೆದಳು, ಕಪ್ಪನ್ನು ಬೆಂಕಿಗಿಟ್ಟಳು. ಮನೆಗೆ ಮರಳುವ ದಾರಿಯಲ್ಲಿ ನಾನು ಸಿಡಿಮಿಡಿಗೊಂಡೆ. "ಯಾಕೆ ನನ್ನ ಬಾಯಿ ಮುಚ್ಚಿಸಿದ್ರಿ? ನಿಮ್ಮನ್ನ ಕಳ್ಳ ಅಂದುಕೊಂಡ್ರಲ್ಲ ಎಲ್ಲರೂ!" ಅವನು ಮೂಗಿಗೆ ಕಲ್ಲು ಉಜ್ಜುತ್ತ ಹೇಳಿದ, "ನಾನು ಕಳ್ಳ ಅಂದ್ರೆ ಅವಳಿಗೆ ಇವತ್ತು ನಿದ್ದೆ ಬರುತ್ತೆ ಮೇಷ್ಟ್ರೇ. ಗಂಡ ಸುಮ್ಮಸುಮ್ಮನೆ ಕೊರಗಿ ಸತ್ತ ಅಂದ್ರೆ ಬರಲ್ಲ."

ಅವನು ಅದನ್ನು ಮಾಡಿದ್ದು ಅತ್ತಿಗೆಗಾಗಿಯೋ, ಲುವೋಗಾಗಿಯೋ, ಅಥವಾ ಉರಿಯಲಿದ್ದ ಆ ಕಾಗದಕ್ಕಾಗಿಯೋ? ನಾನು ಈಗಲೂ ತೀರ್ಮಾನಿಸಲಾರೆ. ಅವನಿಗೂ ತಿಳಿದಿರಲಿಕ್ಕಿಲ್ಲ. ಆದರೆ ಅದರ ಬೆಲೆಯನ್ನು ಅವನು ಪೂರ್ತಿಯಾಗಿ ತೆತ್ತ. ಊರಿನವರ ಸಂಘದ ಹೊಸವರ್ಷದ ಊಟ ಬೇರೆ ಹೋಟೆಲಿಗೆ ಹೋಯಿತು. ಅವನ ಕುರ್ಚಿಯಲ್ಲಿ ಬೇರೊಬ್ಬ ಕುಳಿತ. ಬೀದಿಯಲ್ಲಿ ನಮ್ಮವರು ಅವನನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದರು. ಹೋಟೆಲು ಮುಚ್ಚಿತು. ಶೆನ್ ಅಣ್ಣ ಮಹಡಿಯಿಂದ ಇಳಿಯುವುದನ್ನೇ ಬಿಟ್ಟ. ಸುಯಿಂಗ್ ಒಬ್ಬಳೇ ಅವನಿಗೆ ಎದುರಾಡುತ್ತಿದ್ದವಳು, "ನೀವು ಬಾಯಿ ಬಿಟ್ಟಿದ್ರೆ ಎರಡು ಮನೆ ಉಳೀತಿತ್ತು" ಎಂದು ಬಯ್ಯುತ್ತ ಅವನ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅವನು ತೀರಿಕೊಂಡದ್ದು ಒಂದು ಫೆಬ್ರುವರಿಯ ಬೆಳಗ್ಗೆ, ಅದೇ ಚಳಿಯ ಕೋಣೆಯಲ್ಲಿ, ಕೋಟು ತೊಟ್ಟುಕೊಂಡೇ.

ಮಣ್ಣು ಮಾಡಿ ಬಂದ ಮೇಲೆ ಸುಯಿಂಗ್ ನನ್ನ ಕೈಗೆ ಆ ಸುರುಳಿಯನ್ನಿಟ್ಟಳು. "ಇದು ಲುವೋ ಮನೆಗೆ ಹೋಗ್ಬೇಕಂತೆ. ನೀವೇ ಕೊಡ್ಬೇಕಂತೆ." ಬಿಚ್ಚಿ ನೋಡಿದೆ. ಪೇಲವ ಬೆಟ್ಟ, ಮಳೆ, ಒಂದು ಕೊಡೆಯ ಕೆಳಗೆ ಇಬ್ಬರು. ಕೆಳಗಿನ ಮೂಲೆಯಲ್ಲಿ, ಸಂಗ್ರಾಹಕ ತನ್ನ ಹೆಸರೊತ್ತುವ ಜಾಗದಲ್ಲಿ, ಹೊಸದೊಂದು ಕೆಂಪು ಮೊಹರಿತ್ತು. ಅಕ್ಷರಗಳು ಸೊಟ್ಟಗಿದ್ದವು, ಒಂದು ಗೆರೆ ಜಾರಿ ಅಂಚಿಗೆ ಹೋಗಿತ್ತು. ಹೋಟೆಲಿನಲ್ಲಿ ಮೂಲಂಗಿಯನ್ನು ಹೂವಾಗಿ ಕೊರೆಯುತ್ತಿದ್ದ ಕೈ ಅದು, ಕಲ್ಲು ಕೆತ್ತಲು ಕಲಿತದ್ದಲ್ಲ. ಜೀವಮಾನವಿಡೀ ಬೋಳಾಗಿದ್ದ ಕಲ್ಲಿನ ಬುಡದಲ್ಲಿ ಅವನು ಕೊನೆಗೂ ಒಂದು ಹೆಸರು ಕೆತ್ತಿದ್ದ. 'ಲುವೋ ಹೇನ್ಯಾನ್ ಸಂಗ್ರಹ.'

ಲುವೋ ಅತ್ತಿಗೆ ಕನ್ನಡಕ ಹಾಕಿಕೊಂಡು ಆ ಮೂಲೆಯನ್ನು ನೋಡಿದಳು. ಈ ಸಲ ನಾನು ಎಲ್ಲವನ್ನೂ ಹೇಳಿದೆ. ಪ್ಯಾರಿಸಿನ ಮುದುಕ ಹೇಳಿದ್ದು, ರೈಲಿನಲ್ಲಿ ಶೆನ್ ಅಣ್ಣ ಹೇಳಿದ್ದು, ಅವನು ಬದಲಾಯಿಸಲು ಒಲ್ಲೆನೆಂದದ್ದು ಯಾಕೆಂಬುದು. ತಡೆಯಲು ನನ್ನ ತೋಳನ್ನು ಹಿಡಿಯುವವರು ಇರಲಿಲ್ಲ. ಅವಳು ಬೆರಳಿನಿಂದ ಗಂಡನ ಹೆಸರನ್ನು ಮುಟ್ಟಿ ಮುಟ್ಟಿ ನೋಡಿದಳು.

"ಹಾಗಾದ್ರೆ ಅವತ್ತು ನಾನು ಸುಟ್ಟಿದ್ದು ಯಾರದ್ದು, ಮೇಷ್ಟ್ರೇ?"

"ಶೆನ್ ಅಣ್ಣನದ್ದು, ಅತ್ತಿಗೆ."

ಆ ಚಿತ್ರ ಈಗ ಅವಳ ಮಲಗುವ ಕೋಣೆಯಲ್ಲಿದೆ. ಬಿಸಿಲಿನ ದಿನಗಳಲ್ಲಿ ಅವಳು ಮಧ್ಯಾಹ್ನಕ್ಕೇ ಪರದೆ ಎಳೆದು ಕತ್ತಲೆಯಲ್ಲಿ ಕುಳಿತಿರುತ್ತಾಳೆ. ಪರದೇಶದ ಮಹಡಿಗಳಲ್ಲಿ ತಾಯ್ನೆಲದ ಮಸಿಯನ್ನು ಕೂಡಿಟ್ಟುಕೊಂಡು ಬದುಕುವ ಇಂಥವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ದುಷ್ಟರಲ್ಲ, ಲೋಭಿಗಳೂ ಅಲ್ಲ. ಕಳೆದುಹೋದದ್ದು ಇನ್ನಷ್ಟು ಕಳೆದುಹೋಗದಿರಲೆಂದು ಉಸಿರು ಬಿಗಿಹಿಡಿದು ಕಾಯುವ ಜನ. ಕಾಗದಕ್ಕೆ ಏನು ಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು: ತಂಪು, ಕತ್ತಲೆ, ಮೌನ. ಮನುಷ್ಯರ ಮೇಲೆ ಪ್ರೀತಿ ಹುಟ್ಟಿದಾಗಲೂ ಅವರು ಅದನ್ನೇ ಕೊಡುತ್ತಾರೆ, ಕೈತುಂಬ, ಕಡೆಯವರೆಗೆ. ಮನುಷ್ಯರಿಗೆ ಬೇಕಾಗಿದ್ದದ್ದು ಒಂದು ಲೋಟ ಬಿಸಿ ಚಹಾ, ಎರಡು ಬೀದಿ ದಾಟಿ ಬಂದು ಆಡುವ ಒಂದು ಮಾತು.